ಯುಪಿಐ ಬಂದ್ ಮಾಡಿದರೆ ತೆರಿಗೆ ತಪ್ಪುತ್ತದೆಯೇ? ಹಾವೇರಿಯ ಒಂದು ನೋಟಿಸು ಕಲಿಸಿದ ಪಾಠ

2025ರ ಜುಲೈನಲ್ಲಿ ಕರ್ನಾಟಕದ ವಾಟ್ಸಾಪ್ ಗುಂಪುಗಳಲ್ಲಿ ಒಂದೇ ಅರ್ಥದ ಸಂದೇಶಗಳು ಓಡಾಡಿದವು. ಯುಪಿಐ ಮೂಲಕ ದುಡ್ಡು ತೆಗೆದುಕೊಂಡರೆ ಜಿಎಸ್‌ಟಿ ಬೀಳುತ್ತದೆ, ಸ್ಕ್ಯಾನರ್ ತೆಗೆದುಹಾಕಿ, ನಗದು ಮಾತ್ರ ತೆಗೆದುಕೊಳ್ಳಿ, ಎಲ್ಲ ಅಂಗಡಿಯವರಿಗೂ ತಿಳಿಸಿ ಎಂಬುದು ಅವುಗಳ ಸಾರ. ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳಲ್ಲಿ 'ಯುಪಿಐ ಇಲ್ಲ, ಕ್ಯಾಶ್ ಮಾತ್ರ' ಎಂಬ ಚೀಟಿಗಳು ಕಾಣಿಸಿಕೊಂಡವು. ಅಂಥ ಸಂದೇಶಗಳು ಈಗಲೂ ಆಗಾಗ ತಲೆ ಎತ್ತುತ್ತವೆ.

ಈ ಭಯಕ್ಕೆ ಕಾರಣವಾದ ಸುದ್ದಿಗಳಲ್ಲಿ ಒಂದು ನಮ್ಮ ಹಾವೇರಿಯದೇ. ಹಾಗಾಗಿ ಕರ್ಜಗಿ, ಬ್ಯಾಡಗಿ, ರಾಣೆಬೆನ್ನೂರು ಕಡೆಯ ಅಂಗಡಿಯವರಿಗೆ ಇದು ದೂರದ ಮಾತಲ್ಲ. ಈ ಲೇಖನದಲ್ಲಿ ನಾವು ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕಿದ್ದೇವೆ. ಆ ಸಂದೇಶ ನಿಜವೇ? ನಿಜವಲ್ಲದಿದ್ದರೆ, ಲಕ್ಷಾಂತರ ಜನ ಅದನ್ನು ಯಾಕೆ ನಂಬಿದರು? ಎರಡನೆಯ ಪ್ರಶ್ನೆಗೆ ಉತ್ತರ ಕೊಡುವುದು ವರ್ತನಾ ಅರ್ಥಶಾಸ್ತ್ರ ಎಂಬ ಜ್ಞಾನಶಾಖೆ. ತೆರಿಗೆ ನೀತಿ ರೂಪಿಸುವವರು ಇಂದು ಅದನ್ನು ಬಳಸುತ್ತಿದ್ದಾರೆ. ಬಳಸದಿದ್ದಾಗ ಏನಾಗುತ್ತದೆ ಎಂಬುದಕ್ಕೂ ಹಾವೇರಿಯ ಘಟನೆ ಉದಾಹರಣೆ.

ಚುಟುಕಾಗಿ ಉತ್ತರ

ಯುಪಿಐ ಪಾವತಿಗೆ ಜಿಎಸ್‌ಟಿ ಇಲ್ಲ. ಜಿಎಸ್‌ಟಿ ಇರುವುದು ನೀವು ಮಾರುವ ಸರಕಿಗೆ ಮತ್ತು ಸೇವೆಗೆ. ಹಣ ಯುಪಿಐನಲ್ಲಿ ಬಂದರೂ, ನೋಟಿನಲ್ಲಿ ಬಂದರೂ, ಚೆಕ್ಕಿನಲ್ಲಿ ಬಂದರೂ ಲೆಕ್ಕ ಒಂದೇ. ಸ್ಕ್ಯಾನರ್ ತೆಗೆದರೆ ತೆರಿಗೆಯ ಹೊಣೆ ಹೋಗುವುದಿಲ್ಲ. ಸ್ಕ್ಯಾನರ್ ಇಟ್ಟರೆ ಹೊಸ ಹೊಣೆ ಬರುವುದೂ ಇಲ್ಲ.

2025ರ ಏಪ್ರಿಲ್‌ನಲ್ಲೂ ₹2,000 ಮೀರಿದ ಯುಪಿಐ ಪಾವತಿಗೆ ಜಿಎಸ್‌ಟಿ ಹಾಕುತ್ತಾರೆ ಎಂಬ ಸುದ್ದಿ ಹರಡಿತ್ತು. ಅದು ಸುಳ್ಳು ಎಂದು ಕೇಂದ್ರ ಹಣಕಾಸು ಸಚಿವಾಲಯ ಅದೇ ತಿಂಗಳು ಸ್ಪಷ್ಟಪಡಿಸಿತು. ಗ್ರಾಹಕರು ಅಂಗಡಿಗೆ ಮಾಡುವ ಯುಪಿಐ ಪಾವತಿಯ ಮೇಲಿನ ವ್ಯಾಪಾರಿ ಶುಲ್ಕವನ್ನು 2020ರ ಜನವರಿಯಿಂದಲೇ ತೆಗೆಯಲಾಗಿದೆ. ಶುಲ್ಕವೇ ಇಲ್ಲದ ಮೇಲೆ ಅದರ ಮೇಲೆ ಜಿಎಸ್‌ಟಿ ಎಲ್ಲಿಂದ ಬರಬೇಕು?

ಹಾವೇರಿಯಲ್ಲಿ ನಡೆದದ್ದೇನು?

ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ 2021-22ರಿಂದ 2024-25ರವರೆಗಿನ ಯುಪಿಐ ವಹಿವಾಟಿನ ಮಾಹಿತಿ ಪಡೆಯಿತು. ದೊಡ್ಡ ಮೊತ್ತ ಸ್ವೀಕರಿಸಿದ್ದರೂ ಜಿಎಸ್‌ಟಿ ನೋಂದಣಿ ಮಾಡಿಸದ ಸಾವಿರಾರು ವ್ಯಾಪಾರಿಗಳಿಗೆ ನೋಟಿಸು ಕಳಿಸಿತು. ಅವರಲ್ಲಿ ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಯೂ ಇದ್ದರು. ನಾಲ್ಕು ವರ್ಷಗಳಲ್ಲಿ ಅವರ ಖಾತೆಗೆ ಬಂದ ಹಣ ಸುಮಾರು ₹1.63 ಕೋಟಿ. ನೋಟಿಸಿನಲ್ಲಿದ್ದ ತೆರಿಗೆ ಮೊತ್ತ ಸುಮಾರು ₹29 ಲಕ್ಷ.

ಈ ಅಂಕಿಗಳನ್ನು ಸ್ವಲ್ಪ ಬಿಡಿಸಿ ನೋಡೋಣ. ₹1.63 ಕೋಟಿಯನ್ನು ನಾಲ್ಕು ವರ್ಷಕ್ಕೆ ಹಂಚಿದರೆ ವರ್ಷಕ್ಕೆ ₹40 ಲಕ್ಷ ಚಿಲ್ಲರೆ. ದಿನಕ್ಕೆ ಹಂಚಿದರೆ ಸುಮಾರು ₹11,000. ಇದು ಗಲ್ಲಾಪೆಟ್ಟಿಗೆಗೆ ಬಂದ ಹಣ, ಲಾಭವಲ್ಲ. ಇದರಲ್ಲಿ ದೊಡ್ಡ ಪಾಲು ರೈತರಿಗೆ, ಬಾಡಿಗೆಗೆ, ಸಾಗಾಟಕ್ಕೆ ಹೋಗುತ್ತದೆ. ₹29 ಲಕ್ಷ ಎಂದರೆ ಬಂದ ಹಣದ ಹತ್ತಿರ ಹತ್ತಿರ ಶೇ 18. ಆದರೆ ಸಂಸ್ಕರಿಸದ ಹಸಿ ತರಕಾರಿಗೆ ಇರುವ ಜಿಎಸ್‌ಟಿ ದರ ಸೊನ್ನೆ.

ಸುದ್ದಿ ಹರಡಿದ ಮೇಲೆ ಇಲಾಖೆ ಎರಡು ವಿಷಯ ಸ್ಪಷ್ಟಪಡಿಸಿತು. ಒಂದು, ಈ ನೋಟಿಸು ಅಂತಿಮ ಬೇಡಿಕೆಯಲ್ಲ. ದಾಖಲೆ ಸಹಿತ ಉತ್ತರ ಕೊಟ್ಟರೆ, ವಿನಾಯಿತಿ ಇರುವ ಸರಕಿನ ವಹಿವಾಟನ್ನು ಕೈಬಿಡಲಾಗುತ್ತದೆ. ಎರಡು, ತೆರಿಗೆ ಬರುವುದು ಪಾವತಿಯ ವಿಧಾನಕ್ಕಲ್ಲ, ಮಾರಾಟಕ್ಕೆ. 'ಜಿಎಸ್‌ಟಿ ತಿಳಿಯಿರಿ' ಎಂಬ ಅರಿವಿನ ಕಾರ್ಯಕ್ರಮವೂ ಶುರುವಾಯಿತು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳ ಸಭೆ ಕರೆದು, ಹಳೆಯ ಬಾಕಿಗೆ ಒತ್ತಾಯಿಸುವುದಿಲ್ಲ, ಆದರೆ ಮಿತಿ ಮೀರಿದವರು ನೋಂದಣಿ ಮಾಡಿಸಬೇಕು ಎಂದರು.

ಅಂದರೆ ವಿವರಣೆ ಬಂತು. ಆದರೆ ಅದು ಬಂದದ್ದು ಭಯದ ನಂತರ.

ಕಾನೂನು ಏನು ಹೇಳುತ್ತದೆ?

ಕರ್ಜಗಿಯಲ್ಲಿ ಒಂದು ಕಿರಾಣಿ ಅಂಗಡಿ ಇದೆ ಎಂದುಕೊಳ್ಳಿ. ಸರಕು ಮಾತ್ರ ಮಾರುವ ಅಂಗಡಿಗೆ ಕರ್ನಾಟಕದಲ್ಲಿ ನೋಂದಣಿ ಮಿತಿ ವರ್ಷಕ್ಕೆ ₹40 ಲಕ್ಷ ವಹಿವಾಟು. ಸೇವೆ ಕೊಡುವವರಿಗೆ ₹20 ಲಕ್ಷ.

ಅಂಗಡಿಯ ದಿನದ ವ್ಯಾಪಾರ ₹9,000 ಇದ್ದರೆ ವರ್ಷಕ್ಕೆ ₹32.85 ಲಕ್ಷ. ನೋಂದಣಿ ಬೇಕಿಲ್ಲ. ಪೂರ್ತಿ ವ್ಯಾಪಾರ ಯುಪಿಐನಲ್ಲೇ ನಡೆದರೂ ಬೇಕಿಲ್ಲ.

ದಿನದ ವ್ಯಾಪಾರ ₹14,000 ಇದ್ದರೆ ವರ್ಷಕ್ಕೆ ₹51.1 ಲಕ್ಷ. ಆಗ ನೋಂದಣಿ ಬೇಕು. ಪೂರ್ತಿ ನಗದಿನಲ್ಲೇ ನಡೆದರೂ ಬೇಕು. ಇಂಥ ಸಣ್ಣ ವ್ಯಾಪಾರಿಗಳಿಗೆ ರಾಜಿ ತೆರಿಗೆ ಪದ್ಧತಿ ಇದೆ. ಜನ ಇದನ್ನು ಕಾಂಪೋಸಿಷನ್ ಸ್ಕೀಮ್ ಎಂದೇ ಕರೆಯುತ್ತಾರೆ. ವರ್ಷಕ್ಕೆ ₹1.5 ಕೋಟಿವರೆಗಿನ ವಹಿವಾಟಿರುವವರು ಇದನ್ನು ಆರಿಸಿಕೊಳ್ಳಬಹುದು. ವ್ಯಾಪಾರಿಗೆ ತೆರಿಗೆ ಇರುವ ಸರಕಿನ ಮಾರಾಟದ ಮೇಲೆ ಶೇ 1 ಮಾತ್ರ. ನಮ್ಮ ಉದಾಹರಣೆಯ ಅಂಗಡಿಯಲ್ಲಿ ಎಲ್ಲ ಸರಕಿಗೂ ತೆರಿಗೆ ಇದೆ ಎಂದು ಹಿಡಿದರೂ ವರ್ಷಕ್ಕೆ ₹51,100, ಅಂದರೆ ದಿನಕ್ಕೆ ₹140. ಈ ಪದ್ಧತಿಯಲ್ಲಿ ಗ್ರಾಹಕರಿಂದ ಪ್ರತ್ಯೇಕವಾಗಿ ಜಿಎಸ್‌ಟಿ ವಸೂಲಿ ಮಾಡುವಂತಿಲ್ಲ, ಖರೀದಿಯಲ್ಲಿ ಕಟ್ಟಿದ ತೆರಿಗೆಯನ್ನು ವಾಪಸು ಕೇಳುವಂತೆಯೂ ಇಲ್ಲ. ಬದಲಿಗೆ ಲೆಕ್ಕ ಸರಳ: ಮೂರು ತಿಂಗಳಿಗೊಮ್ಮೆ ಪಾವತಿ, ವರ್ಷಕ್ಕೊಮ್ಮೆ ರಿಟರ್ನ್.

ಇನ್ನು ಕೆಲವು ಮುಖ್ಯ ವಿಷಯಗಳು:

• ಹಸಿ ತರಕಾರಿ, ಹಸಿ ಹಣ್ಣು, ಹಾಲಿನಂಥ ವಿನಾಯಿತಿ ಸರಕನ್ನು ಮಾತ್ರ ಮಾರುವವರು, ವಹಿವಾಟು ಎಷ್ಟೇ ಇರಲಿ, ನೋಂದಣಿ ಮಾಡಿಸಬೇಕಿಲ್ಲ.

• ತರಕಾರಿಯ ಜೊತೆಗೆ ಬಿಸ್ಕತ್ತು, ಸಾಬೂನು ಕೂಡ ಇಟ್ಟರೆ ಲೆಕ್ಕ ಬದಲಾಗುತ್ತದೆ. ಮಿತಿಯನ್ನು ಎಣಿಸುವಾಗ ತರಕಾರಿಯ ವಹಿವಾಟೂ ಸೇರುತ್ತದೆ. ತೆರಿಗೆ ಮಾತ್ರ ತೆರಿಗೆ ಇರುವ ಸರಕಿಗಷ್ಟೇ.

• ತನ್ನ ಹೊಲದಲ್ಲಿ ಬೆಳೆದದ್ದನ್ನು ಮಾರುವ ರೈತನಿಗೆ ನೋಂದಣಿ ಬೇಕಿಲ್ಲ. ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ತರುವ ರೈತ ಮತ್ತು ಅದನ್ನು ಕೊಂಡು ಮಾರುವ ವ್ಯಾಪಾರಿ, ಇಬ್ಬರನ್ನೂ ಕಾನೂನು ಬೇರೆ ಬೇರೆಯಾಗಿ ನೋಡುತ್ತದೆ.

• ಖಾತೆಗೆ ಬಂದದ್ದೆಲ್ಲ ವ್ಯಾಪಾರವಲ್ಲ. ಮಗ ಕಳಿಸಿದ ಹಣ, ಕೈಸಾಲ ವಾಪಸು ಬಂದದ್ದು, ಚೀಟಿ ಹಣ ಇವು ವಹಿವಾಟಿನ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಅದನ್ನು ತೋರಿಸಲು ದಾಖಲೆ ಇರಬೇಕು.

ದಿನಕ್ಕೆ ₹140 ಕಟ್ಟಬೇಕಾದವರು ₹29 ಲಕ್ಷಕ್ಕೆ ಹೆದರಿದ್ದು ಯಾಕೆ?

ಹಳೆಯ ಅರ್ಥಶಾಸ್ತ್ರದ ಲೆಕ್ಕದಲ್ಲಿ ಮನುಷ್ಯ ಒಂದು ತಕ್ಕಡಿ. ಸಿಕ್ಕಿಬೀಳುವ ಸಾಧ್ಯತೆ ಎಷ್ಟು, ದಂಡ ಎಷ್ಟು, ಉಳಿತಾಯ ಎಷ್ಟು ಎಂದು ತೂಗಿ ತೆರಿಗೆ ಕಟ್ಟುವುದೋ ಬಿಡುವುದೋ ನಿರ್ಧರಿಸುತ್ತಾನೆ. ನಮ್ಮ ಮನಸ್ಸು ಹಾಗೆ ಕೆಲಸ ಮಾಡುವುದಿಲ್ಲ ಎಂದು ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾಹ್ನೆಮನ್ ಮತ್ತು ಏಮಸ್ ಟ್ವೆರ್‌ಸ್ಕಿ 1979ರಲ್ಲಿ ತೋರಿಸಿದರು. ನೂರು ರೂಪಾಯಿ ಸಿಕ್ಕ ಖುಷಿಗಿಂತ ನೂರು ರೂಪಾಯಿ ಕಳೆದ ನೋವು ದೊಡ್ಡದು. ಕಾಹ್ನೆಮನ್‌ಗೆ 2002ರಲ್ಲಿ, ಇದೇ ದಾರಿಯಲ್ಲಿ ಮುಂದೆ ಹೋದ ರಿಚರ್ಡ್ ಥೇಲರ್‌ಗೆ 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು.

ಹಾವೇರಿಯ ಸುದ್ದಿಯಲ್ಲಿ ಮನಸ್ಸಿನ ಮೂರು ಗುಣಗಳು ಒಟ್ಟಿಗೆ ಕೆಲಸ ಮಾಡಿದವು.

ಮೊದಲನೆಯದು ನಷ್ಟದ ಭಯ. 'ನೋಂದಣಿ ಮಾಡಿಸಿ, ಶೇ 1 ಕಟ್ಟಿ' ಎಂಬುದು ಒಂದು ಖರ್ಚು. '₹29 ಲಕ್ಷ ಕಟ್ಟಿ' ಎಂಬುದು ಬದುಕೇ ಮುಳುಗುವ ನಷ್ಟ. ಎರಡನೆಯದನ್ನು ಕೇಳಿದ ಮೇಲೆ ಮೊದಲನೆಯದರ ಬಗ್ಗೆ ಯೋಚಿಸಲು ಮನಸ್ಸಿನಲ್ಲಿ ಜಾಗ ಉಳಿಯುವುದಿಲ್ಲ.

ಎರಡನೆಯದು ಕಣ್ಣಿಗೆ ಕಟ್ಟುವ ಸುದ್ದಿಯ ಬಲ. ಒಬ್ಬ ತರಕಾರಿ ವ್ಯಾಪಾರಿ, ಒಂದು ಮೊತ್ತ, ಒಂದು ನೋಟಿಸು: ಇದು ನೆನಪಿನಲ್ಲಿ ಉಳಿಯುತ್ತದೆ. ನೋಟಿಸು ಬಾರದ ಲಕ್ಷಾಂತರ ಅಂಗಡಿಗಳು ಸುದ್ದಿಯಾಗುವುದಿಲ್ಲ. ನೆನಪಿಗೆ ಬೇಗ ಬರುವುದೇ ಹೆಚ್ಚು ನಡೆಯುತ್ತದೆ ಎಂದು ಮನಸ್ಸು ಅಂದಾಜು ಹಾಕುತ್ತದೆ.

ಮೂರನೆಯದು ಗೊತ್ತಿಲ್ಲದ್ದರಿಂದ ದೂರ ಓಡುವ ಸ್ವಭಾವ. ನೋಂದಣಿ ಎಂದರೆ ಏನು, ಎಷ್ಟು ಓಡಾಟ, ಮುಂದೆ ಏನು ಕೇಳುತ್ತಾರೆ ಎಂಬುದು ಅಸ್ಪಷ್ಟ. ಸ್ಕ್ಯಾನರ್ ತೆಗೆಯುವುದು ಒಂದು ನಿಮಿಷದ ಕೆಲಸ. ಏನೋ ಮಾಡಿದೆವು ಎಂಬ ಸಮಾಧಾನ ತಕ್ಷಣ ಸಿಗುತ್ತದೆ, ಸಮಸ್ಯೆ ಹಾಗೇ ಇದ್ದರೂ.

ಹಾಗಾಗಿ ಭಯಪಟ್ಟವರು ದಡ್ಡರಲ್ಲ. ಆ ಸ್ಥಿತಿಯಲ್ಲಿ ನಾವು ನೀವು ಇದ್ದರೂ ಹಾಗೇ ಮಾಡುತ್ತಿದ್ದೆವು. ನೀತಿ ರೂಪಿಸುವವರು ಕಲಿಯಬೇಕಾದ ಪಾಠವೂ ಇಲ್ಲೇ ಇದೆ.

ಪತ್ರದ ಒಂದು ಸಾಲು ಬದಲಾದರೆ

ಜನರನ್ನು ಬಲವಂತ ಮಾಡದೆ, ಮೊಣಕೈಯಿಂದ ಮೆಲ್ಲಗೆ ತಿವಿದು ಎಚ್ಚರಿಸುವ ಹಾಗೆ ಒಳ್ಳೆಯ ಆಯ್ಕೆಯ ಕಡೆ ತಿರುಗಿಸುವುದನ್ನು 'ನಡ್ಜ್' ಎನ್ನುತ್ತಾರೆ. ಥೇಲರ್ ಮತ್ತು ಕ್ಯಾಸ್ ಸನ್‌ಸ್ಟೀನ್ 2008ರಲ್ಲಿ ಇದೇ ಹೆಸರಿನ ಪುಸ್ತಕ ಬರೆದರು.

ಬ್ರಿಟನ್ನಿನ ತೆರಿಗೆ ಇಲಾಖೆ ಬಾಕಿದಾರರಿಗೆ ಕಳಿಸುವ ಪತ್ರದಲ್ಲಿ ಇದನ್ನು ಪರೀಕ್ಷಿಸಿತು. ಕೆಲವರಿಗೆ ಮಾಮೂಲಿ ಪತ್ರ ಹೋಯಿತು. ಕೆಲವರ ಪತ್ರಕ್ಕೆ, ದೇಶದ ಹತ್ತರಲ್ಲಿ ಒಂಬತ್ತು ಮಂದಿ ಸಮಯಕ್ಕೆ ತೆರಿಗೆ ಕಟ್ಟುತ್ತಾರೆ, ಇನ್ನೂ ಕಟ್ಟದ ಕೆಲವೇ ಮಂದಿಯಲ್ಲಿ ನೀವೂ ಒಬ್ಬರು ಎಂಬರ್ಥದ ಸಾಲು ಸೇರಿಸಲಾಯಿತು. 2017ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಈ ಸಾಲು ಓದಿದವರಲ್ಲಿ 23 ದಿನಗಳೊಳಗೆ ಹಣ ಕಟ್ಟಿದವರ ಪ್ರಮಾಣ ನೂರಕ್ಕೆ ಸುಮಾರು ಐದು ಮಂದಿಯಷ್ಟು ಹೆಚ್ಚಿತ್ತು. ಹೊಸ ಕಾನೂನು ಬೇಕಾಗಲಿಲ್ಲ, ಹೊಸ ಸಿಬ್ಬಂದಿಯೂ ಬೇಕಾಗಲಿಲ್ಲ.

ಇದೇ ಗುಣ ತಿರುಗುಬಾಣವೂ ಆಗಬಹುದು. 'ಎಲ್ಲರೂ ತೆರಿಗೆ ಕದಿಯುತ್ತಾರೆ' ಎಂದು ಪದೇ ಪದೇ ಹೇಳಿದರೆ, ಕಟ್ಟುವವನಿಗೆ ತಾನೊಬ್ಬನೇ ಮೂರ್ಖ ಎನಿಸುತ್ತದೆ.

ಭಾರತ ಸರ್ಕಾರದ 2018-19ರ ಆರ್ಥಿಕ ಸಮೀಕ್ಷೆ ಈ ವಿಷಯಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿತು. ಹೆಚ್ಚು ತೆರಿಗೆ ಕಟ್ಟುವವರ ಹೆಸರನ್ನು ರಸ್ತೆ, ಕಟ್ಟಡಗಳಿಗೆ ಇಡಬಹುದು ಎಂಬಂಥ ಸಲಹೆಗಳು ಅದರಲ್ಲಿದ್ದವು. ಆದಾಯ ತೆರಿಗೆ ಇಲಾಖೆ 2024ರ ನವೆಂಬರ್‌ನಲ್ಲಿ ಇನ್ನೊಂದು ಪ್ರಯೋಗ ಮಾಡಿತು. ವಿದೇಶದಲ್ಲಿ ಆಸ್ತಿ ಇದ್ದೂ ರಿಟರ್ನ್‌ನಲ್ಲಿ ತೋರಿಸದವರಿಗೆ ನೋಟಿಸಿನ ಬದಲು ಮೊದಲು ಎಸ್ಸೆಮ್ಮೆಸ್, ಇಮೇಲ್ ಕಳಿಸಿತು: ಮಾಹಿತಿ ನಮ್ಮ ಬಳಿ ಇದೆ, ಒಮ್ಮೆ ಪರಿಶೀಲಿಸಿ ಸರಿಪಡಿಸಿಕೊಳ್ಳಿ. ಇಲಾಖೆಯ ಪ್ರಕಾರ 24,678 ಮಂದಿ ರಿಟರ್ನ್ ತಿದ್ದಿದರು. ಬೆಳಕಿಗೆ ಬಂದ ವಿದೇಶಿ ಆಸ್ತಿಯ ಮೊತ್ತ ₹29,208 ಕೋಟಿ.

ವಿದೇಶದಲ್ಲಿ ಆಸ್ತಿ ಇರುವವರಿಗೆ ಮೊದಲು ಮೆತ್ತಗೆ ನೆನಪಿಸಲಾಯಿತು. ದಿನಕ್ಕೆ ₹11,000 ವ್ಯಾಪಾರದ ತರಕಾರಿ ಅಂಗಡಿಗೆ ಮೊದಲೇ ₹29 ಲಕ್ಷದ ಲೆಕ್ಕ ಹೋಯಿತು. ಎರಡೂ ಬೇರೆ ಬೇರೆ ಇಲಾಖೆಗಳು, ಬೇರೆ ಬೇರೆ ಕಾನೂನುಗಳು ಎಂಬುದು ನಿಜ. ವಿದೇಶಿ ಆಸ್ತಿಯ ಪ್ರಕರಣದಲ್ಲಿ ಮೆತ್ತಗಿನ ಮಾತಿನ ಹಿಂದೆ ಭಾರೀ ದಂಡದ ಕಾನೂನು ನಿಂತಿತ್ತು ಎಂಬುದೂ ನಿಜ. ಆದರೂ ಎರಡಕ್ಕೂ ಆಧಾರ ಇಲಾಖೆಯ ಕೈಯಲ್ಲಿದ್ದ ಡಿಜಿಟಲ್ ಮಾಹಿತಿಯೇ. ಒಂದು ಕಡೆ ಜನ ಲೆಕ್ಕದ ಒಳಗೆ ಬಂದರು, ಇನ್ನೊಂದು ಕಡೆ ಲೆಕ್ಕದಿಂದ ಹೊರಗೆ ಓಡಿದರು.

ಹೆದರಿಸಿದರೆ ತೆರಿಗೆ ಬರುವುದಿಲ್ಲವೇ?

ಸ್ವಲ್ಪ ಬರುತ್ತದೆ. ಅಮೆರಿಕದ ಮಿನ್ನೆಸೋಟಾ ರಾಜ್ಯದಲ್ಲಿ 1995ರಲ್ಲಿ ಕೆಲವು ತೆರಿಗೆದಾರರಿಗೆ ನಿಮ್ಮ ರಿಟರ್ನ್ ಅನ್ನು ಕೂಲಂಕಷವಾಗಿ ತಪಾಸಣೆ ಮಾಡುತ್ತೇವೆ ಎಂದು ಮೊದಲೇ ಪತ್ರ ಬರೆಯಲಾಯಿತು. ಕಡಿಮೆ ಮತ್ತು ಮಧ್ಯಮ ಆದಾಯದವರು ಹೆಚ್ಚು ಆದಾಯ ತೋರಿಸಿದರು. ಹೆಚ್ಚು ಆದಾಯದವರು ತೋರಿಸಿದ್ದು ಮಾತ್ರ ಕಡಿಮೆಯಾಯಿತು. ಚೌಕಾಸಿಗೆ ಇಳಿದವರಂತೆ ಅವರು ಕಡಿಮೆಯಿಂದ ಮಾತು ಶುರು ಮಾಡಿರಬಹುದು ಎಂಬುದು ಸಂಶೋಧಕರ ಊಹೆ. ಬೆದರಿಕೆ ಎಲ್ಲರ ಮೇಲೂ ಒಂದೇ ರೀತಿ ಕೆಲಸ ಮಾಡುವುದಿಲ್ಲ.

ಡೆನ್ಮಾರ್ಕ್‌ನಲ್ಲಿ ಸುಮಾರು 40 ಸಾವಿರ ಜನರ ಮೇಲೆ ನಡೆದ, 2011ರಲ್ಲಿ ಪ್ರಕಟವಾದ ಅಧ್ಯಯನ ಇನ್ನೊಂದು ಸತ್ಯ ಹೇಳುತ್ತದೆ. ಸಂಬಳದಂತೆ ಬೇರೆಯವರು ವರದಿ ಮಾಡುವ ಆದಾಯದಲ್ಲಿ ವಂಚನೆ ಸೊನ್ನೆಗೆ ಹತ್ತಿರ. ತಾನೇ ಹೇಳಿಕೊಳ್ಳಬೇಕಾದ ಆದಾಯದಲ್ಲಿ ವಂಚನೆ ಹೆಚ್ಚು. ಅಂದರೆ ಪ್ರಾಮಾಣಿಕತೆ ಬರೀ ಸ್ವಭಾವದ ಮಾತಲ್ಲ, ವ್ಯವಸ್ಥೆಯದೂ ಹೌದು. ಯುಪಿಐ ದಾಖಲೆ ಇಲಾಖೆಗೆ ಅಮೂಲ್ಯ ಎನಿಸುವುದು ಇದಕ್ಕೇ. ಆ ದಾಖಲೆಯಿಂದಲೇ ಜನ ಓಡಿಹೋಗುವಂತೆ ಮಾಡಿದರೆ ನಷ್ಟ ಇಲಾಖೆಗೇ.

ಕಣ್ಣಿಗೆ ಕಾಣದ ತೆರಿಗೆ

'ದೇಶದಲ್ಲಿ ತೆರಿಗೆ ಕಟ್ಟುವವರು ಬೆರಳೆಣಿಕೆ ಮಂದಿ ಮಾತ್ರ' ಎಂಬುದು ಇನ್ನೊಂದು ಜನಪ್ರಿಯ ಫಾರ್ವರ್ಡ್. ಅದು ಆದಾಯ ತೆರಿಗೆಯ ಮಾತು. ಕರ್ಜಗಿಯ ಕೂಲಿಕಾರ್ಮಿಕ ಮಹಿಳೆ ಒಂದು ಸಾಬೂನು ಕೊಂಡಾಗಲೂ ತೆರಿಗೆ ಕಟ್ಟುತ್ತಾಳೆ. ಎಂಆರ್‌ಪಿಯೊಳಗೆ ಎಲ್ಲ ತೆರಿಗೆಯೂ ಸೇರಿರುವುದರಿಂದ ಅದು ಕಾಣುವುದಿಲ್ಲ, ಅಷ್ಟೇ. 2025ರ ಸೆಪ್ಟೆಂಬರ್ 22ರಿಂದ ಸಾಬೂನಿನ ಜಿಎಸ್‌ಟಿ ಶೇ 5. ₹105ರ ಸಾಬೂನಿನಲ್ಲಿ ₹5 ತೆರಿಗೆ.

ಕಂಡ ತೆರಿಗೆಗೂ ಕಾಣದ ತೆರಿಗೆಗೂ ನಮ್ಮ ಪ್ರತಿಕ್ರಿಯೆ ಬೇರೆ. ಅಮೆರಿಕದಲ್ಲಿ ತೆರಿಗೆಯನ್ನು ಬಿಲ್ಲು ಮಾಡುವಾಗ ಸೇರಿಸುತ್ತಾರೆ. ಅಲ್ಲಿನ ಒಂದು ಅಂಗಡಿಯಲ್ಲಿ ಸಂಶೋಧಕರು ಕೆಲವು ಸರಕಿನ ಬೆಲೆಚೀಟಿಯಲ್ಲೇ ತೆರಿಗೆ ಸೇರಿದ ಬೆಲೆ ತೋರಿಸಿದರು. ಕೊಡಬೇಕಾದ ಹಣ ಒಂದು ಪೈಸೆಯೂ ಬದಲಾಗಲಿಲ್ಲ, ಆದರೆ ಮಾರಾಟ ಸುಮಾರು ಶೇ 8ರಷ್ಟು ಇಳಿಯಿತು.

ತೆರಿಗೆ ಮರೆಯಲ್ಲಿದ್ದರೆ ಸರ್ಕಾರಕ್ಕೆ ಅನುಕೂಲ. ಆದರೆ ತಾನು ತೆರಿಗೆ ಕಟ್ಟುತ್ತಿದ್ದೇನೆ ಎಂದು ಗೊತ್ತಿಲ್ಲದವರು, ನಮ್ಮ ಊರಿನ ರಸ್ತೆ ಎಲ್ಲಿ ಎಂದು ಹಕ್ಕಿನಿಂದ ಕೇಳುವುದಿಲ್ಲ. ತೆರಿಗೆ ನೀತಿಯಲ್ಲಿ ಮನಶ್ಶಾಸ್ತ್ರ ಬಳಸುವಾಗ ಎಚ್ಚರ ಬೇಕಾಗುವುದು ಇಲ್ಲಿ.

ಸುಮ್ಮನಿದ್ದರೆ ಏನು ಸಿಗುತ್ತದೆ?

ಮನುಷ್ಯ ಸಾಮಾನ್ಯವಾಗಿ ಇದ್ದದ್ದನ್ನು ಇದ್ದ ಹಾಗೇ ಬಿಡುತ್ತಾನೆ. ಆದ್ದರಿಂದ ಏನೂ ಆರಿಸದಿದ್ದಾಗ ತಾನಾಗಿ ಸಿಗುವ ಆಯ್ಕೆ ಯಾವುದು ಎಂಬುದು ದೊಡ್ಡ ವಿಷಯ. ಆದಾಯ ತೆರಿಗೆಯ ಹೊಸ ಪದ್ಧತಿಯನ್ನು 2023-24ರಿಂದ ತಾನಾಗಿ ಸಿಗುವ ಆಯ್ಕೆ ಮಾಡಲಾಯಿತು. 2024ರ ಜುಲೈ 31ರವರೆಗೆ ಸಲ್ಲಿಕೆಯಾದ 7.28 ಕೋಟಿ ರಿಟರ್ನ್‌ಗಳಲ್ಲಿ 5.27 ಕೋಟಿ, ಅಂದರೆ ಶೇ 72, ಹೊಸ ಪದ್ಧತಿಯಲ್ಲಿದ್ದವು. ಅದರ ದರಗಳು ಹಲವರಿಗೆ ಲಾಭದಾಯಕವಾಗಿದ್ದವು ಎಂಬುದೂ ಕಾರಣ. ಆದರೂ ನಿಮಗೆ ಯಾವುದು ಒಳ್ಳೆಯದು ಎಂದು ಒಮ್ಮೆ ಲೆಕ್ಕ ಹಾಕಿ ನೋಡುವುದು ನಿಮ್ಮ ಕೆಲಸ.

ನಗರಸಭೆ, ಪುರಸಭೆಗಳ ಆಸ್ತಿ ತೆರಿಗೆಯಲ್ಲೂ ಇಂಥದ್ದೇ ಲೆಕ್ಕ ಇದೆ. ಏಪ್ರಿಲ್‌ನಲ್ಲಿ ಪೂರ್ತಿ ಕಟ್ಟಿದರೆ ಶೇ 5 ರಿಯಾಯಿತಿ. ತಡ ಮಾಡಿದರೆ ತಿಂಗಳ ಲೆಕ್ಕದಲ್ಲಿ ದಂಡ. 'ನಾಳೆ ಕಟ್ಟಿದರಾಯಿತು' ಎನ್ನುವ ಮನಸ್ಸಿಗೆ ಹತ್ತಿರದ ಒಂದು ಗಡುವು ಮತ್ತು ಒಂದು ಸಣ್ಣ ಆಸೆ ಬೇಕು ಎಂಬುದು ಇದರ ಹಿಂದಿನ ತಿಳಿವಳಿಕೆ.

ಮನ್ನಾ ಮಾಡಿದರೆ ಮುಗಿಯಿತೇ?

ಹಳೆಯ ಬಾಕಿ ಕೇಳುವುದಿಲ್ಲ ಎಂಬ ಮಾತು ಸಣ್ಣ ವ್ಯಾಪಾರಿಗಳಿಗೆ ಜೀವ ಬಂದಂತೆ ಆಯಿತು. ಮೊದಲ ಸಲ ಲೆಕ್ಕದೊಳಗೆ ಬರುವವರಿಗೆ ಇದು ಒಳ್ಳೆಯ ಬಾಗಿಲು. ಆದರೆ ಮನ್ನಾ ಮತ್ತೆ ಮತ್ತೆ ಬಂದರೆ, ಕಾಯುವುದೇ ಜಾಣತನ ಎಂದು ಜನ ಕಲಿಯುತ್ತಾರೆ. ಬೆಂಗಳೂರಿನ ಆಸ್ತಿ ತೆರಿಗೆ ಬಾಕಿಗೆ 2024ರಲ್ಲಿ ಒಂದು ಬಾರಿಯ ಪರಿಹಾರ ಯೋಜನೆ ತಂದಾಗ ಅದರ ಗಡುವನ್ನು ಒಂದಕ್ಕಿಂತ ಹೆಚ್ಚು ಸಲ ವಿಸ್ತರಿಸಲಾಯಿತು. ಮೊದಲ ದಿನವೇ ನಿಯತ್ತಾಗಿ ಕಟ್ಟಿದವರ ಮನಸ್ಸಿನಲ್ಲಿ ಏನು ಉಳಿಯುತ್ತದೆ ಎಂಬುದನ್ನೂ ನೀತಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ನಿಮಗೆ ನೋಟಿಸು ಬಂದರೆ

• ಗಾಬರಿಯಾಗಬೇಡಿ, ಬಚ್ಚಿಡಲೂ ಬೇಡಿ. ಉತ್ತರ ಕೊಡಲು ಗಡುವು ಇರುತ್ತದೆ. ಉತ್ತರ ಕೊಡದಿದ್ದರೆ ಇಲಾಖೆಯ ಅಂದಾಜೇ ಆದೇಶವಾಗಿಬಿಡಬಹುದು.

• ಅದು ಅಸಲಿಯೇ ಎಂದು ನೋಡಿ. ನೋಟಿಸಿನ ಉಲ್ಲೇಖ ಸಂಖ್ಯೆಯನ್ನು ಜಿಎಸ್‌ಟಿ ಪೋರ್ಟಲ್‌ನಲ್ಲಿ ಪರಿಶೀಲಿಸಿ, ಇಲ್ಲವೇ ವಾಣಿಜ್ಯ ತೆರಿಗೆ ಕಚೇರಿಗೆ ಹೋಗಿ ಕೇಳಿ. ವಾಟ್ಸಾಪ್‌ನಲ್ಲಿ ಬಂದ ಲಿಂಕ್ ಒತ್ತಿ ಹಣ ಕಟ್ಟಬೇಡಿ.

• ಬ್ಯಾಂಕ್ ಸ್ಟೇಟ್‌ಮೆಂಟ್, ಖರೀದಿ ಚೀಟಿ, ಎಪಿಎಂಸಿ ಬಿಲ್ಲು ಜೋಡಿಸಿ. ಯಾವುದು ವ್ಯಾಪಾರದ ಹಣ, ಯಾವುದು ಮನೆಯ ಹಣ, ಯಾವುದು ವಿನಾಯಿತಿ ಸರಕು ಎಂದು ಬೇರೆ ಮಾಡಿ.

• ವ್ಯಾಪಾರಕ್ಕೆ ಒಂದು, ಮನೆಗೆ ಒಂದು ಖಾತೆ ಇಟ್ಟುಕೊಳ್ಳಿ. ಮುಂದಿನ ಅರ್ಧ ತಲೆನೋವು ಇಲ್ಲೇ ಕಡಿಮೆಯಾಗುತ್ತದೆ.

• ಜಿಎಸ್‌ಟಿ ನೋಂದಣಿಗೆ ಸರ್ಕಾರಿ ಶುಲ್ಕ ಇಲ್ಲ. ಶುಲ್ಕ ಎಂದು ಯಾರಾದರೂ ಹಣ ಕೇಳಿದರೆ ಅದು ಮಧ್ಯವರ್ತಿಯ ಕೂಲಿ ಎಂದು ತಿಳಿಯಿರಿ.

ಸ್ಕ್ಯಾನರ್ ತೆಗೆಯುವ ಮುನ್ನ ಇನ್ನೊಂದು ಮಾತು. ನಾಳೆ ಅಂಗಡಿ ದೊಡ್ಡದು ಮಾಡಲು ಬ್ಯಾಂಕಿನಲ್ಲಿ ಸಾಲ ಕೇಳಿದಾಗ, ನಿಮ್ಮ ವ್ಯಾಪಾರ ಎಷ್ಟು ಎಂದು ತೋರಿಸಲು ಆ ಯುಪಿಐ ದಾಖಲೆ ನೆರವಾಗುತ್ತದೆ. ತೆರಿಗೆಗೆ ಹೆದರಿ ಅದನ್ನು ಅಳಿಸಿದರೆ ತೆರಿಗೆಯ ಹೊಣೆ ಉಳಿಯುತ್ತದೆ, ಸಾಕ್ಷಿ ಮಾತ್ರ ಹೋಗುತ್ತದೆ.

'ಯುಪಿಐ ತೆಗೆದುಕೊಂಡರೆ ಜಿಎಸ್‌ಟಿ' ಎಂಬ ಸಂದೇಶ ಮತ್ತೆ ನಿಮ್ಮ ಗುಂಪಿಗೆ ಬಂದರೆ, ಕಳಿಸಿದವರನ್ನು ಬೈಯಬೇಡಿ. ಅವರು ಹೆದರಿದ್ದಾರೆ. ₹40 ಲಕ್ಷದ ಮಿತಿ, ತರಕಾರಿಗೆ ಸೊನ್ನೆ, ರಾಜಿ ಪದ್ಧತಿಯಲ್ಲಿ ಶೇ 1, ಈ ಮೂರನ್ನು ಬರೆದು ಕಳಿಸಿ.